ಅದ್ರಾಮಾಕ ಬಾಯಿ ಮುಚ್ಚಿದ ಫೈನಲ್

ಅದ್ರಾಮಾಕ ನಮ್ಮ ತಂಡದ ಗೋಲ್‌ಕೀಪರ್ ಆಗಿದ್ದದ್ದು ಕೈಯ ಬಲದಿಂದಲ್ಲ, ಬಾಯಿಯ ಬಲದಿಂದ. ಎದುರಾಳಿ ಒಬ್ಬನೇ ಚೆಂಡು ತಳ್ಳಿಕೊಂಡು ನುಗ್ಗಿ ಬರುವಾಗ ಬೇರೆ ಗೋಲ್‌ಕೀಪರುಗಳು ಮೊಣಕಾಲು ಬಗ್ಗಿಸಿ ಕೈ ಅಗಲಿಸುತ್ತಾರೆ. ಅದ್ರಾಮಾಕ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೋಯ್ ರಿಯಾಜ್, ನಿನ್ನ ಇಕಾಮಾ ರಿನ್ಯೂ ಆಯ್ತಾ ಮಾರಾಯ? ಬೆಳಿಗ್ಗೆ ನಿನ್ನ ಕಫೀಲ್ ಹುಡುಕ್ತಾ ಇದ್ದ" ಎನ್ನುತ್ತಿದ್ದರು. ಸೌದಿಯಲ್ಲಿ ದುಡಿಯುವವನ ಕಿವಿಗೆ ವಾಸದ ಪರವಾನಗಿ, ಅದನ್ನು ಕೊಡಿಸುವ ಯಜಮಾನ, ಎರಡೂ ಒಟ್ಟಿಗೆ ಬಿದ್ದರೆ ಕಾಲು ಒಂದು ಕ್ಷಣ ತಾನಾಗಿ ನಿಲ್ಲುತ್ತದೆ. ಅದ್ರಾಮಾಕರಿಗೆ ಅಷ್ಟೇ ಬೇಕಿತ್ತು. ಹೊಟ್ಟೆ ಮುಂದೆ ಮಾಡಿಕೊಂಡು ಚೆಂಡಿನ ಮೇಲೆ ಬಿದ್ದುಬಿಡುತ್ತಿದ್ದರು.

ಯಾರಿಗೆ ಯಾವ ಮಾತು ನಾಟುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಸದಾಗಿ ಮದುವೆಯಾದವನಿಗೆ "ಹೆಂಡ್ತಿ ವೀಸಾ ಎಲ್ಲಿಗೆ ಬಂತು?" ಎಂದು ಕೇಳುವರು. ಒಂಟಿಯಾಗಿ ಅಡುಗೆ ಮಾಡಿಕೊಳ್ಳುವವನಿಗೆ "ಗ್ಯಾಸ್ ಬಂದ್ ಮಾಡಿ ಬಂದಿದ್ದೀಯಲ್ಲ?" ಎನ್ನುವರು. ರೆಫರಿ ಗದರಿದರೆ ಮುಖ ಸಣ್ಣದು ಮಾಡಿಕೊಂಡು, "ಕ್ಷೇಮಸಮಾಚಾರ ಕೇಳಿದ್ದು ಸಾರ್. ಅದೂ ಫೌಲಾ?" ಎಂದು ಮರುಪ್ರಶ್ನೆ ಹಾಕುವರು.

ನಾವು ಜಿದ್ದಾದಲ್ಲಿದ್ದ ಕರಾವಳಿಯ ಜನ ಪ್ರತಿವರ್ಷ ಒಂದು ಕಾಲೇಜು ಕಪ್ ನಡೆಸುತ್ತಿದ್ದೆವು. ಊರಿನಲ್ಲಿ ಯಾವ ಕಾಲೇಜಿನಲ್ಲಿ ಓದಿದ್ದರೋ ಆ ಕಾಲೇಜಿನ ಅಂಗಿ ತೊಟ್ಟು ಆಡಬೇಕು. ಓದುವ ಕಾಲದಲ್ಲಿ ಕಾಲೇಜಿನ ಮೈದಾನಕ್ಕೆ ಕಾಲಿಡದವರಿಗೂ ಇಲ್ಲಿಗೆ ಬಂದ ಮೇಲೆ ಕಾಲೇಜಿನ ಮೇಲೆ ಎಲ್ಲಿಲ್ಲದ ಅಭಿಮಾನ ಉಕ್ಕುತ್ತಿತ್ತು. ನಾನೂ ಅಂಥವನೇ. ತಂಡದಲ್ಲಿ ನಾನೊಬ್ಬ ಶೆಟ್ಟಿ, ಉಳಿದವರೆಲ್ಲ ಬ್ಯಾರಿ ಮುಸ್ಲಿಮರು. ಅದ್ರಾಮಾಕ ಅಜೀಜಿಯಾ ಬಡಾವಣೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದರು. ರಾಬಿಗ್‌ನ ಕಾರ್ಖಾನೆಗಳಿಗೆ ಸಾಮಾನು ಒದಗಿಸುವ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. "ಅಲ್ಲಿಯೂ ಕಾಯುವುದು, ಇಲ್ಲಿಯೂ ಕಾಯುವುದು. ನನ್ನ ಹಣೆಯಲ್ಲಿ ಬರೆದದ್ದೇ ಅದು ಶೆಟ್ರೇ" ಎಂದು ನಗುತ್ತಿದ್ದರು.

ಒಂದು ವಿಷಯಕ್ಕೆ ಮಾತ್ರ ಅವರಿಗೆ ನಗು ಬರುತ್ತಿರಲಿಲ್ಲ. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ವೀಸಾ ಬಂದು, ಪರೀಕ್ಷೆಗೆ ಕೂರದೆ ವಿಮಾನ ಹತ್ತಿದವರು ಅವರು. ನಮ್ಮ ನಾಯಕ ಲತೀಫ್ ಬ್ಯಾಂಕಿನವನು, ನಿಯಮದ ಮನುಷ್ಯ. "ಡಿಗ್ರಿ ಮುಗಿಸದವರನ್ನು ಹಳೆ ವಿದ್ಯಾರ್ಥಿ ಅಂತ ಹೇಗೆ ಹೇಳುವುದು? ಬೇರೆ ತಂಡದವರು ಆಕ್ಷೇಪ ಎತ್ತಿದ್ರೆ?" ಎಂದು ಅವನು ಸಭೆಯಲ್ಲಿ ಎಲ್ಲರ ಮುಂದೆಯೇ ಕೇಳಿದ್ದ. ಯಾರ ಬಾಯಿಗೂ ಬೀಗ ಹಾಕಬಲ್ಲ ಅದ್ರಾಮಾಕ ಅಂದು ಸಮೋಸದ ತಟ್ಟೆ ನೋಡುತ್ತ ಕುಳಿತಿದ್ದರು. ಲತೀಫ್ ಅಷ್ಟರಲ್ಲಾಗಲೇ ಡಿಗ್ರಿ ಇದ್ದ, ಹೊಟ್ಟೆ ಇಲ್ಲದ ಹೊಸ ಗೋಲ್‌ಕೀಪರನ್ನು ಹುಡುಕಿಟ್ಟಿದ್ದ.

ಅಷ್ಟರಲ್ಲಿ ಕೊರೋನಾ ಬಂತು. ಇಡೀ ಲೋಕಕ್ಕೆ ಗೊತ್ತಾದ ಕೊರೋನಾ ಅಲ್ಲ, ಅದಕ್ಕೂ ಕೆಲವು ವರ್ಷ ಮೊದಲು ಸೌದಿಯಲ್ಲಿ ಹಬ್ಬಿದ್ದು. ಒಂಟೆಯಿಂದ ಬರುತ್ತದೆ ಎಂದು ಸುದ್ದಿಯಾಗಿ, ನಮ್ಮವರು ಅದಕ್ಕೆ ಒಂಟೆ ಜ್ವರ ಎಂದೇ ಹೆಸರಿಟ್ಟರು. ಎರಡು ಸಾವಿರದ ಹದಿನಾಲ್ಕರ ಆ ಬೇಸಗೆಯಲ್ಲಿ ಜಿದ್ದಾದ ಅಂಗಡಿಗಳಲ್ಲಿ ಮಾಸ್ಕ್ ಸಿಗುತ್ತಿರಲಿಲ್ಲ. ನನ್ನ ಹೆಂಡತಿ ವಿನಯಾ ಆಸ್ಪತ್ರೆಯಲ್ಲಿ ನರ್ಸ್. ಮನೆಗೆ ಬಂದರೆ ಬಾಗಿಲಲ್ಲೇ ನನ್ನ ಕೈಗೆ ಸ್ಯಾನಿಟೈಸರ್ ಸುರಿದು, "ಒಂಟೆ ಇರುವ ಕಡೆ ಹೋದ್ರೆ ಈ ಕಡೆ ಬರ್ಬೇಡಿ" ಎಂದು ಎಚ್ಚರಿಸುತ್ತಿದ್ದಳು. ಹೊಸ ಗೋಲ್‌ಕೀಪರ್ ಹೆದರಿ ಮನೆ ಸೇರಿದ. ಬೇರೆ ದಾರಿಯಿಲ್ಲದೆ ಲತೀಫ್ ಅದ್ರಾಮಾಕರ ಬಾಗಿಲು ತಟ್ಟಿದ.

ಪಂದ್ಯಗಳು ನಡೆದ ರೀತಿಯೇ ಒಂದು ತಮಾಷೆ. ಗೋಲು ಹೊಡೆದವನನ್ನು ಯಾರೂ ಅಪ್ಪಿಕೊಳ್ಳುವಂತಿಲ್ಲ, ದೂರದಿಂದ ಕೈ ಬೀಸಬೇಕು. ಯಾವನಾದರೂ ಕೆಮ್ಮಿದರೆ ಸುತ್ತಲಿನ ನಾಲ್ಕು ಮಂದಿ ಚೆಂಡು ಬಿಟ್ಟು ಓಡುತ್ತಿದ್ದರು. ಗೋಲ್‌ಕೀಪರುಗಳು ಓಡಬೇಕಾಗಿಲ್ಲ, ಮಾಸ್ಕ್ ಹಾಕಲೇಬೇಕು ಎಂದು ತೀರ್ಮಾನವಾದಾಗ ಅದ್ರಾಮಾಕರ ಕಥೆ ಮುಗಿಯಿತು ಎಂದುಕೊಂಡೆವು. ಆದದ್ದೇ ಬೇರೆ. ಮಾಸ್ಕಿನೊಳಗಿಂದ ಅವರು ಗೊಣಗಿದ್ದು ತಿಳಿಯದೆ, ಸೆಮಿಫೈನಲಿನಲ್ಲಿ ಎದುರಾಳಿ ಚೆಂಡು ನಿಲ್ಲಿಸಿ "ಎಂತ ಹೇಳಿದ್ದು ಅದ್ರಾಮಾಕ?" ಎಂದು ಕೇಳಿದ. ಹಾಗೆ ನಾವು ಫೈನಲಿಗೆ ಬಂದೆವು. ಎದುರಾಳಿ ಭಟ್ಕಳದ ತಂಡ. ಆದರೆ ಫೈನಲ್ ಆಡುವ ಮೊದಲೇ ನಾವು ಬಾಡಿಗೆಗೆ ಹಿಡಿದಿದ್ದ ಮೈದಾನ ಮುಚ್ಚಿಬಿಟ್ಟರು.

ಈ ವರ್ಷಕ್ಕೆ ಇಷ್ಟು ಸಾಕು ಎಂದ ಲತೀಫ್. ಅದ್ರಾಮಾಕ ಒಪ್ಪಲಿಲ್ಲ. ಮುಂದಿನ ವರ್ಷ ಹೊಸ ಗೋಲ್‌ಕೀಪರಿಗೆ ಧೈರ್ಯ ಬರುತ್ತದೆ, ತಾನು ಮತ್ತೆ ಸಮೋಸದ ತಟ್ಟೆ ನೋಡಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. "ಕಾಲೇಜಿನ ಹೆಸರಲ್ಲಿ ಒಂದು ಫೈನಲ್ ಆಡ್ಬೇಕು ಶೆಟ್ರೇ. ಗೆದ್ರೆ ಆಮೇಲೆ ಯಾರೂ ಕೇಳುದಿಲ್ಲ" ಎಂದರು. ಆ ಸೋಮವಾರ ಅರ್ಧ ದಿನ ರಜೆ ಹಾಕಿಸಿ, ಮಧ್ಯಾಹ್ನವೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ರಾಬಿಗ್ ರಸ್ತೆ ಹಿಡಿದರು. ದಾರಿಯ ಪಕ್ಕದಲ್ಲಿ ಅವರ ಪರಿಚಯದ ಅಬೂ ನಾಸಿರ್ ಎಂಬ ಮುದುಕನ ಜಾಗವಿತ್ತು. ಅದು ವಿಶಾಲವಾದ ಗಟ್ಟಿ ನೆಲ, ಎರಡು ಕಡೆ ಹಳೆಯ ಗೋಲ್ ಕಂಬ, ನೆರಳಿಗೊಂದು ಗುಡಾರ. ಕಂಬದ ಹಿಂದೆ ಬೇಲಿ, ಬೇಲಿಯ ಹಿಂದೆ ಒಂಟೆಗಳು.

ನನಗೆ ಕಾರಿನಿಂದ ಇಳಿಯಲೇ ಮನಸ್ಸಿರಲಿಲ್ಲ. ಅಬೂ ನಾಸಿರ್ ಮಾತ್ರ ಸಂಭ್ರಮದಿಂದ ನಮ್ಮನ್ನು ಕೂರಿಸಿ, ಆಗಷ್ಟೇ ಕರೆದು ನೊರೆಯೇಳುತ್ತಿದ್ದ ಒಂಟೆ ಹಾಲಿನ ಬಟ್ಟಲು ಮುಂದಿಟ್ಟ. ಅವನಿಗೆ ಸರಕಾರದ ಮೇಲೂ ಟಿವಿಯ ಮೇಲೂ ಕೆಟ್ಟ ಕೋಪ. ನನ್ನ ಮಕ್ಕಳಂಥ ಒಂಟೆಗಳಿಗೆ ರೋಗ ಎನ್ನುತ್ತಾರೆ, ನನ್ನ ಅಳಿಯನೇ ಈ ಹಾಲು ಮುಟ್ಟುವುದಿಲ್ಲ ಎಂದು ಕಣ್ಣು ಕೆಂಪಗೆ ಮಾಡಿಕೊಂಡು ಹೇಳಿದ. ಈ ಬಟ್ಟಲು ಬೇಡವೆಂದರೆ ಮೈದಾನವಿಲ್ಲ. ಕುಡಿದರೆ ನನಗೆ ಮನೆಯಿಲ್ಲ. ನಾನು ಅದ್ರಾಮಾಕರ ಮುಖ ನೋಡಿದೆ.

ಅದ್ರಾಮಾಕ ಎದೆಯ ಮೇಲೆ ಕೈಯಿಟ್ಟುಕೊಂಡು, ಅತ್ಯಂತ ದುಃಖದಿಂದ, ತಮ್ಮ ಹರಕು ಮುರುಕು ಅರಬಿಯಲ್ಲಿ ನಾವು ಇವತ್ತು ಉಪವಾಸ ಎಂದರು. ಸೋಮವಾರ, ಗುರುವಾರ ಇಚ್ಛೆಯಿಂದ ಉಪವಾಸ ಇರುವ ಧರ್ಮವಂತರು ಮುಸ್ಲಿಮರಲ್ಲಿ ಬಹಳ ಜನ ಇದ್ದಾರೆ. ಅಬೂ ನಾಸಿರನ ಮುಖ ಅರಳಿತು. ಗುರುವಾರವೂ ಇರುತ್ತೀರಾ ಎಂದು ಕೇಳಿದ. ಹೌದೆಂದರು ಇವರು. ಆಡಲು ಬರುವ ನಿಮ್ಮ ಹುಡುಗರೂ ಇರುತ್ತಾರಾ ಎಂದ. ಉತ್ಸಾಹದಲ್ಲಿದ್ದ ಅದ್ರಾಮಾಕ "ಎಲ್ಲರೂ!" ಎಂದುಬಿಟ್ಟರು. ಅಬೂ ನಾಸಿರ್ ಅವರನ್ನು ಅಪ್ಪಿಕೊಂಡ. ಹಾಗಾದರೆ ಗುರುವಾರವೇ ಬನ್ನಿ, ಆಟ ಆಡಿ, ಸೂರ್ಯ ಮುಳುಗಿದ ಮೇಲೆ ಎಲ್ಲರೂ ನನ್ನ ಗುಡಾರದಲ್ಲಿ ಉಪವಾಸ ಬಿಡಿ, ಹಾಲು ನನ್ನದು ಎಂದ.

ವಾಪಸು ಬರುವಾಗ ಅದ್ರಾಮಾಕ, "ಒಂದು ಬಟ್ಟಲು ತಪ್ಪಿಸ್ಲಿಕ್ಕೆ ಹೋಗಿ ಇಡೀ ಹಟ್ಟಿ ತಲೆ ಮೇಲೆ ಹಾಕ್ಕೊಂಡೆ ಅಲ್ವಾ ಶೆಟ್ರೇ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಗುರುವಾರ ಕೆಲಸ ಮುಗಿಸಿ ಎಲ್ಲರೂ ನೇರ ಅಲ್ಲಿಗೆ ಬಂದರು. ಇವತ್ತು ನಾವೆಲ್ಲ ಉಪವಾಸ, ಆಟ ಮುಗಿಯುವವರೆಗೆ ಯಾರೂ ನೀರಿನ ಬಾಟಲಿ ಮುಟ್ಟುವಂತಿಲ್ಲ ಎಂದು ಕಾರುಗಳ ಮರೆಯಲ್ಲಿ ಅದ್ರಾಮಾಕ ಪಿಸುಗುಟ್ಟಿದಾಗ ಲತೀಫ್ ತಲೆಯ ಮೇಲೆ ಕೈಹೊತ್ತ. ಭಟ್ಕಳದವರಿಗೂ ಹೇಳಲೇಬೇಕಾಯಿತು. ಅವರ ನಾಯಕ ಮುನೀರ್ ಸಾಹೇಬರು ಅತ್ತರಿನ ವ್ಯಾಪಾರಿ, ಗಂಭೀರ ಮನುಷ್ಯ. "ನಮ್ಮಲ್ಲಿ ನಾಲ್ಕೈದು ಮಂದಿ ನಿಜವಾಗಿಯೂ ಉಪವಾಸ ಇದ್ದಾರೆ. ನಿಮ್ಮದು ನಾಟಕವಾ?" ಎಂದು ಕೇಳಿದರು. ನಮ್ಮ ಕಾಲೇಜಿನ ಮಾನ ಅಲ್ಲಿಗೇ ಅರ್ಧ ಹೋಯಿತು.

ಇನ್ನು ಆಟ. ಬಿಸಿಲು ಇಳಿದಿದ್ದರೂ ನೆಲ ಕಾವಲಿಯ ಹಾಗೆ ಕಾದಿತ್ತು. ಗಡಿಗೆರೆಯ ಪಕ್ಕದಲ್ಲೇ ಅಬೂ ನಾಸಿರ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಯಾರಾದರೂ ಬಾಯಿ ಒರೆಸಿಕೊಂಡರೂ ಅವನ ಕಣ್ಣು ಅತ್ತ ಹೋಗುತ್ತದೆ ಎಂದು ನಮಗೆ ಭಯ. ಸ್ವಲ್ಪ ಹೊತ್ತಿನಲ್ಲೇ ಎರಡೂ ತಂಡದವರು ಓಡುವುದನ್ನು ಬಿಟ್ಟು ನಡೆಯತೊಡಗಿದರು. ಹಾಗೆ ನಡೆಯುತ್ತಲೇ ನಮ್ಮ ಕಡೆಯಿಂದ ಒಂದು ಗೋಲು ಬಿತ್ತು. ನಾವು ದೂರದಿಂದ ಕೈ ಬೀಸಿದೆವು, ಬೀಸಲೂ ಶಕ್ತಿ ಸಾಲಲಿಲ್ಲ.

ನನಗೆ ವಿಚಿತ್ರವೆನಿಸಿದ್ದು ಅದ್ರಾಮಾಕರ ಮೌನ. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಒಣಗಿದ ತುಟಿ ಬಿಗಿದುಕೊಂಡು ಕಂಬದ ನಡುವೆ ಸುಮ್ಮನೆ ನಿಂತಿದ್ದರು. ಯಾರ ಇಕಾಮಾವನ್ನೂ ವಿಚಾರಿಸಲಿಲ್ಲ, ಯಾರ ಹೆಂಡತಿಯ ವೀಸಾವನ್ನೂ ಕೇಳಲಿಲ್ಲ. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ, ಗೋಲಿನ ಮುಂದೆ ಲತೀಫ್ ಕೈಯಿಂದ ಚೆಂಡು ತಡೆದುಬಿಟ್ಟ. ಪೆನಾಲ್ಟಿ. ಲತೀಫ್ ಬಿಳಿಚಿಕೊಂಡು ಅದ್ರಾಮಾಕರನ್ನು ನೋಡಿದ. ಅವರು ಅವನಿಗೂ ಏನೂ ಹೇಳಲಿಲ್ಲ.

ಮುನೀರ್ ಸಾಹೇಬರು ತಯಾರಾಗಿಯೇ ಬಂದಿದ್ದರು. ಅದ್ರಾಮಾಕರ ಬಾಯಿಗೆ ಮದ್ದಾಗಿ ಎರಡೂ ಕಿವಿಗೆ ಅತ್ತರಿನ ಹತ್ತಿ ತುರುಕಿಕೊಂಡಿದ್ದರು. ಚೆಂಡಿಟ್ಟು ಹಿಂದೆ ಸರಿದು ನೋಡಿದರೆ ಅದ್ರಾಮಾಕರ ತುಟಿ ಅಲುಗುತ್ತಿಲ್ಲ. ಸಾಹೇಬರಿಗೆ ಅನುಮಾನ ಬಂತು. ಒಂದು ಕಿವಿಯ ಹತ್ತಿ ತೆಗೆದರು. ಏನೂ ಕೇಳಿಸಲಿಲ್ಲ. ಇನ್ನೊಂದನ್ನೂ ತೆಗೆದರು.

"ಎಂತ ಹೇಳಿದ್ರಿ?"

ಅದ್ರಾಮಾಕ ಇಲ್ಲವೆಂದು ತಲೆಯಾಡಿಸಿದರು.

"ಏನೋ ಉಂಟು, ಹೇಳಿಬಿಡಿ" ಎಂದರು ಸಾಹೇಬರು. ರೆಫರಿ ಸೀಟಿ ಊದಿದ. ಮನಸ್ಸಿನಲ್ಲಿ ಆ ಹೇಳದ ಮಾತನ್ನೇ ಹುಡುಕುತ್ತ ಮುನೀರ್ ಸಾಹೇಬರು ಒದ್ದ ಚೆಂಡು ಕಂಬದ ಮೇಲಿಂದ ಹಾರಿ, ಬೇಲಿ ದಾಟಿ, ಒಂಟೆಗಳ ನಡುವೆ ಬಿತ್ತು. ಒಂದು ಒಂಟೆ ಅದನ್ನು ಮೂಸಿ ನೋಡಿತು. ಚೆಂಡು ತರಲು ಎರಡೂ ತಂಡದಲ್ಲಿ ಒಬ್ಬನೂ ಮುಂದೆ ಹೋಗಲಿಲ್ಲ. ರೆಫರಿ ಗಡಿಯಾರ ನೋಡಿದ, ಒಂಟೆಯನ್ನು ನೋಡಿದ, ಆಟ ಮುಗಿಯಿತೆಂದು ಉದ್ದನೆಯ ಸೀಟಿ ಊದಿದ. ನಾವು ಗೆದ್ದಿದ್ದೆವು.

ಈಗ ಹಾಲಿನ ಪ್ರಶ್ನೆ. ನಾನು ಕಾರಿನ ಹಿಂದೆ ನಿಂತು ವಿನಯಾಳಿಗೆ ಫೋನು ಮಾಡಿ, ಒಂಟೆ ಹಾಲನ್ನು ಕುದಿಸಿದರೆ ಹೇಗೆ ಎಂದು ಕೇಳಿದೆ. "ಚೆನ್ನಾಗಿ ಕುದಿಸಿದ್ರೆ ತೊಂದರೆ ಇಲ್ಲ. ಯಾಕೆ, ಎಲ್ಲಿದ್ದೀರಿ?" ಎಂದಳು. ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟೆ. ವಿಷಯ ತಿಳಿದ ಅದ್ರಾಮಾಕ ಅಬೂ ನಾಸಿರನ ಬಳಿ ಹೋಗಿ, ನಮ್ಮ ಊರಿನಲ್ಲಿ ಉಪವಾಸ ಬಿಡುವುದು ಚಹಾ ಕುಡಿದು, ನಿನ್ನ ಹಾಲಿನಲ್ಲಿ ಊರಿನ ಚಹಾ ಮಾಡಿ ನಿನಗೂ ಕುಡಿಸುತ್ತೇವೆ ಎಂದರು. ಮುದುಕ ಒಪ್ಪಿದ. ಒಲೆಯ ಮುಂದೆ ನನ್ನನ್ನು ಕೂರಿಸಿದರು. ನಾನು ಆ ಹಾಲನ್ನು ಮತ್ತೆ ಮತ್ತೆ ಉಕ್ಕಿಸಿದೆ. ಅಬೂ ನಾಸಿರನೇ, ಸಾಕು ಮಗನೇ, ಇನ್ನು ಪಾತ್ರೆ ಕರಗುತ್ತದೆ ಎಂದ.

ಬಾಂಗಿನ ನಂತರ ಖರ್ಜೂರ, ಚಹಾ ಎಲ್ಲ ಆಗಿ, ಎಲ್ಲರೂ ನಮಾಜಿಗೆ ಸಾಲಾಗಿ ನಿಂತರು. ಒಲೆಯ ಪಕ್ಕದಲ್ಲೇ ಉಳಿದ ನನ್ನನ್ನು ಅಬೂ ನಾಸಿರ್ ಗಮನಿಸಿದ್ದ. ನಮಾಜು ಮುಗಿದ ಮೇಲೆ ವಿಚಾರಿಸಿದ. ಇವರು ಹಿಂದೂ ಎಂದರು ಅದ್ರಾಮಾಕ. ಹಿಂದೂವಾಗಿಯೂ ಇವನು ಇವತ್ತು ಉಪವಾಸ ಇದ್ದನೇ! ಮುದುಕ ಎದ್ದು ಬಂದು ನನ್ನ ಹಣೆಗೆ ಮುತ್ತಿಟ್ಟು, ಇಡೀ ಖರ್ಜೂರದ ತಟ್ಟೆಯನ್ನು ನನ್ನ ಮಡಿಲಿಗಿಟ್ಟ. ಮಧ್ಯಾಹ್ನ ಕೋಳಿ ಬಿರಿಯಾನಿ ಎರಡು ಸಲ ಹಾಕಿಸಿಕೊಂಡು ಉಂಡಿದ್ದ ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ತಂಡದವರೆಲ್ಲ ನಗು ನುಂಗಲು ನೆಲ ನೋಡುತ್ತಿದ್ದರು.

ಅದ್ರಾಮಾಕ ಮಾತ್ರ ನಗಲಿಲ್ಲ. ಬಿಸಿ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ನನ್ನ ಮಡಿಲ ತಟ್ಟೆಯಿಂದ ಖರ್ಜೂರದ ಮೇಲೆ ಖರ್ಜೂರ ಬಾಯಿಗಿಡುತ್ತಿದ್ದರು. ಆಗ ನನಗೆ ಹೊಳೆಯಿತು.

"ನೀವು ನಿಜವಾಗಿಯೂ ಉಪವಾಸ ಇದ್ರಾ ಮಾರಾಯ್ರೇ?"

"ಮತ್ತೆಂತ ಮಾಡುದು ಶೆಟ್ರೇ. ಅಜ್ಜ ನಂಬಿಬಿಟ್ಟ. ಸುಳ್ಳು ಹೇಳಿದವ ನಾನು, ನಾನೊಬ್ಬನಾದ್ರೂ ಇರ್ಬೇಕಲ್ಲ" ಎಂದು ಮೆಲ್ಲಗೆ ಹೇಳಿ, ಇನ್ನೊಂದು ಲೋಟ ಚಹಾಕ್ಕೆ ಕೈಚಾಚಿದರು. ಆ ಹೊತ್ತು ಅವರ ಮೇಲೆ ಬಂದ ಪ್ರೀತಿಯನ್ನು ನಾನು ಇಂದಿಗೂ ಮರೆತಿಲ್ಲ.

ಮರುವರ್ಷ ಹೊಸ ಗೋಲ್‌ಕೀಪರನ್ನು ಯಾರೂ ಕರೆಯಲಿಲ್ಲ. ಅದ್ರಾಮಾಕ ಇನ್ನೂ ಕೆಲವು ವರ್ಷ ಆಡಿದರು, ಹೊಟ್ಟೆಯೂ ಮಾತೂ ಬೆಳೆಯುತ್ತಲೇ ಹೋದವು. ಕಪ್ ಮತ್ತೆ ಬರಲಿಲ್ಲ. ಆಮೇಲೆ ಸ್ಟೋರಿನಲ್ಲಿ ಅವರ ಜಾಗಕ್ಕೆ ಸೌದಿ ಹುಡುಗನೊಬ್ಬ ಬಂದ, ಇವರಿಗೆ ಕೆಲಸ ಬಿಟ್ಟು ಖಾಯಂ ಊರಿಗೆ ಹೊರಡುವ ಫೈನಲ್ ಎಕ್ಸಿಟ್ ವೀಸಾ ಆಯಿತು. "ಇದು ನನ್ನ ಎರಡನೇ ಫೈನಲ್" ಎಂದು ಅದಕ್ಕೂ ನಕ್ಕರು.

ಅವರನ್ನು ಕೊನೆಯ ಬಾರಿ ನೋಡಿದ್ದು ಜಿದ್ದಾ ವಿಮಾನ ನಿಲ್ದಾಣದಲ್ಲಿ. ಸಾಮಾನು ತೂಗಿಸಲು ಸಾಲಿನಲ್ಲಿ ನಿಂತಿದ್ದಾಗ ಲತೀಫ್ ಓಡೋಡಿ ಬಂದ. ಕೈಯಲ್ಲಿ ಟವೆಲು ಸುತ್ತಿದ ಗಂಟು. ಬಿಚ್ಚಿದರೆ ಅವನ ಮನೆಯ ಶೋಕೇಸಿನಲ್ಲಿದ್ದ ಕಪ್. "ಇದನ್ನು ಕಾಲೇಜಿಗೆ ಮುಟ್ಟಿಸಿ ಅದ್ರಾಮಾಕ. ನಿಮ್ಮ ಕೈಯಿಂದಲೇ ಕೊಡಿ" ಎಂದ. ಅದ್ರಾಮಾಕ ಅದನ್ನು ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡರು. ಕಣ್ಣು ತುಂಬಿತ್ತು, ನನ್ನದೂ.

ಕೌಂಟರಿನ ಹುಡುಗ ಗಂಟು ನೋಡಿ ಇದೇನು ಎಂದು ಅರಬಿಯಲ್ಲಿ ಕೇಳಿದ.

"ಡಿಗ್ರಿ ಸರ್ಟಿಫಿಕೇಟ್" ಎಂದರು ಅದ್ರಾಮಾಕ.

ಹುಡುಗ ಕಪ್ಪನ್ನೂ ಇವರ ಬಿಳಿ ಗಡ್ಡವನ್ನೂ ನೋಡಿ, ನಗುತ್ತ, ಯಾವ ಕಾಲೇಜು ಎಂದ. ಅದ್ರಾಮಾಕ ನಮ್ಮ ಕಾಲೇಜಿನ ಹೆಸರನ್ನು ಊರು, ಜಿಲ್ಲೆ ಸಮೇತ, ಇಡೀ ಸಾಲು ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಹೇಳಿದರು.