ಇಲ್ಲದ ಬೆಲೆಗೆ ಕಾದವರಿಗಾಗಿ ಒಂದು ಸಾಲು

ಶುಕ್ರವಾರ, ಬೆಳಗಿನ ಆರೂಕಾಲು. ಕಚೇರಿಯ ಆರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಒಂದು ದೀಪ ಮಾತ್ರ ಉರಿಯುತ್ತಿದೆ. ಅದರ ಕೆಳಗೆ ಐವತ್ತೊಂಬತ್ತರ ಹೆಂಗಸೊಬ್ಬರು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಗಟ್ಟಿಯಾಗಿ ಓದುತ್ತಿದ್ದಾರೆ. "ಆರು, ಒಂದು, ಬಿಂದು, ನಾಲ್ಕು, ಏಳು." ಒಂದು ಗುಟುಕು ಚಹಾ ಕುಡಿದು ಅದನ್ನೇ ಹಿಂದಿನಿಂದ ಓದುತ್ತಾರೆ. "ಏಳು, ನಾಲ್ಕು, ಬಿಂದು, ಒಂದು, ಆರು." ನೆಲ ಒರೆಸುತ್ತಿರುವಾಕೆ ತಲೆ ಎತ್ತದೆಯೇ, "ಅಕ್ಕನ ಮಗ್ಗಿ ಶುರುವಾಯ್ತು" ಎನ್ನುತ್ತಾಳೆ.

ಉಲ್ಟಾ ಓದುವುದು ಯಾಕೆಂದು ಕೇಳಿದರೆ ಇಂಥದ್ದೂ ಒಂದು ಪ್ರಶ್ನೆಯೇ ಎಂಬಂತೆ ನೋಡುತ್ತಾರೆ. "ಮುಂದಿನಿಂದ ಓದಿದ್ರೆ ಕಣ್ಣು ತನಗೆ ಬೇಕಾದ್ದನ್ನ ಓದ್ಕೊಂಡು ಹೋಗ್ಬಿಡುತ್ತೆ. ಹಿಂದಿನಿಂದ ಓದಿದ್ರೆ ಅಲ್ಲಿ ಇರೋದನ್ನೇ ಓದ್ಬೇಕು, ಬೇರೆ ದಾರಿ ಇಲ್ಲ."

ಕಚೇರಿಯಲ್ಲಿ ಇವರಿಗೆ ಟಿಪ್ಪಣಿ ಅಕ್ಕ ಎಂದೇ ಹೆಸರು. ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ ಕಚ್ಚಾ ಎಣ್ಣೆಯ ಬೆಲೆಯ ಮೇಲೆ ಹೂಡುವ ನಿಧಿಯೊಂದರ ಕಚೇರಿ ಇದು. ನಿನ್ನೆ ಮಾರುಕಟ್ಟೆ ಮುಚ್ಚುವಾಗ ನಿಧಿಯ ಒಂದು ಪಾಲಿನ ಬೆಲೆ ಎಷ್ಟಿತ್ತು, ನಿಧಿಯ ಕೈಯಲ್ಲಿರುವುದನ್ನು ಲೆಕ್ಕ ಹಾಕಿದರೆ ಆ ಪಾಲಿನ ನಿಜವಾದ ಮೌಲ್ಯ ಎಷ್ಟು, ಈ ಎರಡು ಅಂಕಿಗಳನ್ನು ಎಂಟು ಗಂಟೆಯೊಳಗೆ ಜಾಲತಾಣದ ಪಟ್ಟಿಗೆ ಏರಿಸುವುದು ಅಕ್ಕನ ಕೆಲಸ. ಹದಿನೆಂಟು ವರ್ಷಗಳಲ್ಲಿ ಪಟ್ಟಿ ನಾಲ್ಕೂವರೆ ಸಾವಿರ ಸಾಲು ಬೆಳೆದಿದೆ. ಪಟ್ಟಿಯ ಬಲತುದಿಯಲ್ಲಿ ಟಿಪ್ಪಣಿಗೆಂದು ಒಂದು ಕಿರಿದಾದ ಅಂಕಣವಿದೆ. ಅದನ್ನು ಕೂಡಿಸಿದವರು ಅಕ್ಕನೇ; ಹೆಸರು ಬಂದದ್ದೂ ಅಲ್ಲಿಂದಲೇ.

ಪತ್ರ ಟೈಪ್ ಮಾಡಲು ಈ ಕಚೇರಿಗೆ ಸೇರಿದವರು ಅವರು. ನಿಧಿ ಆರಂಭವಾದಾಗ ಬೆಲೆಪಟ್ಟಿಯ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಬೆಳಗ್ಗೆ ಬೇಗ ಬರಬೇಕು, ಸರಿ ಮಾಡಿದರೆ ಯಾರೂ ಕೇಳುವುದಿಲ್ಲ, ತಪ್ಪಿದರೆ ಎಲ್ಲರೂ ಕೇಳುತ್ತಾರೆ. ಆಗ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬಹುದಲ್ಲ ಎಂದು ಇವರು ಒಪ್ಪಿಕೊಂಡರು. ಇವರ ತಂಗಿಗೆ ಇಂದಿಗೂ ಅದೊಂದು ತಮಾಷೆ. "ನಮ್ಮಕ್ಕ ಹದಿನೆಂಟು ವರ್ಷದಿಂದ ಎಣ್ಣೆ ವ್ಯವಹಾರದಲ್ಲಿದ್ದಾಳೆ, ಒಗ್ಗರಣೆಗೆ ಅಂತ ಒಂದು ಹನಿ ಮನೆಗೆ ತಂದಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಎಣ್ಣೆಯನ್ನು ಅಕ್ಕನೂ ನೋಡಿಲ್ಲ, ನಿಧಿಯೂ ನೋಡಿಲ್ಲ. ದಿನಕ್ಕೆ ಬರುವ ಮೂವತ್ತು ಕರೆಗಳಲ್ಲಿ ಇಪ್ಪತ್ತರ ಗೋಳು ಅದೇ. ಎಣ್ಣೆಯ ಬೆಲೆ ಹತ್ತು ವರ್ಷದ ಹಿಂದೆ ಇದ್ದಷ್ಟೇ ಇದೆ, ನನ್ನ ಪಾಲಿನ ಬೆಲೆ ಯಾಕೆ ಅರ್ಧಕ್ಕಿಳಿದಿದೆ? ಎಂಟೂವರೆಗೆ ಬಂದ ಮೊದಲ ಕರೆಗೇ ಅಕ್ಕ ಬಿಡಿಸಿ ಹೇಳುತ್ತಾರೆ. "ನಿಧಿ ಎಣ್ಣೆ ಇಟ್ಕೊಂಡಿಲ್ಲ ಸರ್, ಮುಂದಿನ ತಿಂಗಳು ಬರೋ ಎಣ್ಣೆಯ ಚೀಟಿ ಇಟ್ಕೊಂಡಿದೆ ಅಂದ್ಕೊಳ್ಳಿ. ಗಡುವು ಬರೋ ಮೊದಲು ಅದನ್ನ ಮಾರಿ, ಅದರ ಮುಂದಿನ ತಿಂಗಳ ಚೀಟಿ ತಗೋಬೇಕು. ಹೊಸ ಚೀಟಿ ತುಟ್ಟಿ ಇದ್ರೆ ಅದೇ ದುಡ್ಡಿಗೆ ಕಡಿಮೆ ಚೀಟಿ ಬರುತ್ತೆ. ತಿಂಗಳು ತಿಂಗಳು ಹೀಗೇ ಸ್ವಲ್ಪ ಸ್ವಲ್ಪ ಸೋರುತ್ತೆ. ಅದಕ್ಕೇ ಎಣ್ಣೆ ಬೆಲೆ ಬೇರೆ, ನಿಮ್ಮ ಪಾಲಿನ ಬೆಲೆ ಬೇರೆ." ಆ ಕಡೆಯವರು ಸಿಟ್ಟಿನಿಂದ ಇನ್ನೇನೋ ಅನ್ನುತ್ತಾರೆ. ಅಕ್ಕ ಕೇಳಿಸಿಕೊಂಡು, ಮತ್ತೆ ಮೊದಲಿನಿಂದ ಅದನ್ನೇ ಹೇಳುತ್ತಾರೆ, ದನಿ ಒಂದಿಷ್ಟೂ ಏರುವುದಿಲ್ಲ.

ಮಿಕ್ಕ ಹತ್ತು ಕರೆಗಳು ಆರು ವರ್ಷದ ಹಿಂದಿನ ಒಂದು ಘಟನೆಯ ಕುರಿತು. ಪಾಲಿನ ಬೆಲೆ ಕುಸಿದು ಐದಕ್ಕೆ ಬಂದಾಗ ನಿಧಿಯವರು ಎಂಟು ಪಾಲು ಸೇರಿಸಿ ಒಂದು ಮಾಡಿದರು. ಬೆಲೆ ರಾತ್ರಿ ಕಳೆಯುವುದರೊಳಗೆ ನಲವತ್ತಾಯಿತು. ಸಾಹುಕಾರರಾದೆವೆಂದು ಕುಣಿದವರೂ ಇದ್ದರಂತೆ. "ಎಂಟು ಲೋಟದ ನೀರನ್ನ ಒಂದು ಕೊಡಕ್ಕೆ ಸುರಿದ್ರೆ ನೀರು ಜಾಸ್ತಿ ಆಗುತ್ತಾ ಅಂತ ಕೇಳ್ತಿದ್ದೆ" ಎಂದು ಅಕ್ಕ ನಗುತ್ತಾರೆ.

ಅಲ್ಲಿಗೆ ಅವರ ನಗು ನಿಲ್ಲುತ್ತದೆ. ಹಳೆಯ ಬೆಲೆಗೂ ಹೊಸ ಬೆಲೆಗೂ ಹೋಲಿಕೆ ಸಿಗಬೇಕೆಂದರೆ ಹಿಂದಿನ ಹನ್ನೆರಡು ವರ್ಷದ ಪ್ರತಿಯೊಂದು ಅಂಕಿಯನ್ನೂ ಎಂಟರಿಂದ ಗುಣಿಸಬೇಕಿತ್ತು. ಪಟ್ಟಿ ಆಗ ತಿಂಗಳಿಗೊಂದು ಹಾಳೆಯಂತೆ ಬಿಡಿಬಿಡಿಯಾಗಿತ್ತು. ಅಕ್ಕ ನೂರ ನಲವತ್ತನಾಲ್ಕು ಹಾಳೆಗಳನ್ನೂ ಅಚ್ಚು ಹಾಕಿಸಿ, ಒಂದೊಂದನ್ನೇ ಕಂಪ್ಯೂಟರಿನಲ್ಲಿ ತಿದ್ದಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು. ಎರಡು ಹಾಳೆ ಅಂಟಿಕೊಂಡಿದ್ದವು. ಒಂದು ತಿಂಗಳು ತಿದ್ದದೆ ಹಾಗೇ ಉಳಿಯಿತು. ಪಟ್ಟಿಯಲ್ಲಿ ಎಪ್ಪತ್ತರ ಆಸುಪಾಸಿನಲ್ಲಿದ್ದ ಬೆಲೆ ಇದ್ದಕ್ಕಿದ್ದಂತೆ ಒಂಬತ್ತಕ್ಕಿಳಿದು, ಇಪ್ಪತ್ತೊಂದು ದಿನ ಅಲ್ಲೇ ಇದ್ದು, ಏನೂ ಆಗಿಲ್ಲವೆಂಬಂತೆ ಮತ್ತೆ ಎಪ್ಪತ್ತೊಂದಕ್ಕೆ ಹಾರಿತ್ತು.

"ಆಗಷ್ಟೇ ಎಡಗಣ್ಣಿನ ಪೊರೆ ತೆಗೆಸಿದ್ದೆ. ಆಮೇಲೆ ವಿಷಯ ಹೊರಗೆ ಬಂದಾಗ, ಅದಕ್ಕೇ ಹಾಗಾಯ್ತು ಅಂತ ಎಲ್ಲರೂ ಅಂದ್ರು. ಕಣ್ಣಿನ ಮೇಲೆ ಯಾಕೆ ಹಾಕ್ಲಿ? ಕಣ್ಣು ಸರಿಯಾಗೇ ಇತ್ತು. ಕೊನೇಲಿ ಹಾಳೆ ಎಣಿಸಿದ್ರೆ ಸಾಕಿತ್ತು. ನಾನು ಎಣಿಸ್ಲಿಲ್ಲ."

ಹನ್ನೊಂದು ತಿಂಗಳ ಮೇಲೆ, ವರ್ಷಕ್ಕೊಮ್ಮೆ ಪಟ್ಟಿಯನ್ನು ತಿರುವಿ ಓದುವಾಗ ಅದು ಅವರ ಕಣ್ಣಿಗೇ ಬಿತ್ತು. ಅರ್ಧ ಗಂಟೆಯಲ್ಲಿ ಸರಿಪಡಿಸಿದರು. ಯಾರಿಗೂ ಹೇಳಲಿಲ್ಲ. ಇದನ್ನು ಹೇಳುವಾಗ ಅಕ್ಕ ಕಣ್ಣು ತಪ್ಪಿಸುವುದಿಲ್ಲ, ಆದರೆ ಕೈ ಮೇಜಿನ ಮೇಲಿನ ಪೆನ್ಸಿಲನ್ನು ಸುಮ್ಮನೆ ಅತ್ತಿಂದಿತ್ತ ಉರುಳಿಸುತ್ತಿರುತ್ತದೆ.

ಮೂರು ವಾರದ ನಂತರ ನಿವೃತ್ತ ಬಸ್ ಚಾಲಕರೊಬ್ಬರು ಆರು ಮಹಡಿ ಹತ್ತಿಕೊಂಡು ಬಂದರು. ಲಿಫ್ಟ್ ಕೆಟ್ಟಿತ್ತು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಹರವಿದರು. ಪಟ್ಟಿಯ ಹಳೆಯ ಪ್ರತಿ. ಆ ತಿಂಗಳಿಗೆ ಕೆಂಪು ಸುತ್ತು ಹಾಕಿತ್ತು. ಒಂದು ಸಲ ಒಂಬತ್ತಕ್ಕೆ ಬಂದದ್ದು ಇನ್ನೊಂದು ಸಲ ಬಾರದೇ ಇರುತ್ತದೆಯೇ ಎಂದುಕೊಂಡು, ನಿವೃತ್ತಿಯ ಹಣವನ್ನು ಪಕ್ಕಕ್ಕಿಟ್ಟು ಅವರು ವರ್ಷದ ಹತ್ತಿರ ಕಾದಿದ್ದರು. ನಲವತ್ತಿದ್ದ ಬೆಲೆ ಐವತ್ತೆರಡಕ್ಕೆ ಏರುವುದನ್ನು ನೋಡುತ್ತಾ, ಪ್ರತಿ ಬೆಳಗ್ಗೆ, ಎಂದೂ ಇಲ್ಲದಿದ್ದ ಬೆಲೆಯೊಂದಕ್ಕೆ ಕಾದಿದ್ದರು. ಅಷ್ಟರಲ್ಲಿ ಒಂದು ದಿನ ಪಟ್ಟಿಯಿಂದ ಆ ಒಂಬತ್ತು ಮಾಯವಾಯಿತು.

"ಅಮ್ಮಾ, ನಾನು ತಪ್ಪು ಓದಿದ್ನಾ?" ಎಂದು ಅವರು ಕೇಳಿದರಂತೆ. "ನೀವು ಎಲ್ಲೋ ತಪ್ಪು ಓದಿದ್ದೀರಿ ಅಂತ ಮನೆಯಾಕೆ ದಿನಾ ಅಂತಾಳೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕಣ್ಣು ಇದು. ಇರಬಹುದೇನೋ ಅಂತ ಹೋದ ವಾರ ಕನ್ನಡಕ ಬದಲಾಯಿಸ್ದೆ. ಹೊಸ ಕನ್ನಡಕದಲ್ಲೂ ಈ ಕಾಗದದಲ್ಲಿ ಒಂಬತ್ತೇ ಕಾಣುತ್ತೆ."

"ಅಣ್ಣಾ, ನಿಮ್ಮ ಕಣ್ಣು ಸರಿಯಾಗಿದೆ. ತಪ್ಪು ಬರೆದವಳು ನಾನು. ತಿದ್ದಿ ಸುಮ್ಮನಾದವಳೂ ನಾನೇ." ಅಕ್ಕ ಹೇಳಿದ್ದು ಇಷ್ಟೇ. ಚಾಲಕರು ಕೂಗಾಡಲಿಲ್ಲ. ಕಾಗದವನ್ನು ಮತ್ತೆ ಮಡಚಿ ಜೇಬಿಗಿಟ್ಟುಕೊಂಡು, "ಇದನ್ನೇ ಒಂದು ಕಾಗದದಲ್ಲಿ ಬರೆದು ಕೊಡ್ತೀರಾ? ಮನೇಲಿ ತೋರಿಸ್ಬೇಕು" ಎಂದರು. ಅಕ್ಕ ಬರೆದು ಕೊಟ್ಟರು. ಬೈದಿದ್ದರೆ ಅಂದೇ ಮರೆತುಹೋಗುತ್ತಿತ್ತು, ಬೈಯದೆ ಹೋದರಲ್ಲ, ಅದು ಇವತ್ತಿಗೂ ಚುಚ್ಚುತ್ತದೆ ಎನ್ನುತ್ತಾರೆ.

ಟಿಪ್ಪಣಿಯ ಅಂಕಣ ಹುಟ್ಟಿದ್ದು ಮಾರನೆಯ ದಿನ. ಅದರ ಮೊದಲ ಟಿಪ್ಪಣಿ ಇದು: "ಈ ತಿಂಗಳ ಇಪ್ಪತ್ತೊಂದು ದಿನಗಳ ಬೆಲೆ ಹಿಂದೆ ತಪ್ಪಾಗಿ ಪ್ರಕಟವಾಗಿತ್ತು. ಹಳೆಯ ಪ್ರತಿ ನಿಮ್ಮಲ್ಲಿದ್ದರೆ, ನೀವು ಓದಿದ್ದು ಸರಿ. ಪಟ್ಟಿ ಬರೆದವರ ತಪ್ಪು."

ಈ ಶುಕ್ರವಾರ ಕುತ್ತು ಬಂದಿರುವುದು ಆ ಸಾಲಿಗೇ. ಸೋಮವಾರದಿಂದ ನಿಧಿಯ ಜಾಲತಾಣ ಹೊಸದಾಗುತ್ತದೆ. ಹೊಸ ಪುಟದಲ್ಲಿ ಟಿಪ್ಪಣಿಗಳಿಗೆ ಜಾಗವಿಲ್ಲ. ಆ ಸಾಲಿನ ಬದಲು "ಅಂಕಿಅಂಶ ಪರಿಷ್ಕರಿಸಲಾಗಿದೆ" ಎಂಬ ಎರಡು ಪದ ಸಾಕೆಂದು ಮುಖ್ಯಸ್ಥರ ತೀರ್ಮಾನ. ಮೂವತ್ತನಾಲ್ಕರ ಮುಖ್ಯಸ್ಥರು ಕೆಟ್ಟವರೇನಲ್ಲ. ಹತ್ತು ಗಂಟೆಗೆ ಅಕ್ಕನನ್ನು ಕೋಣೆಗೆ ಕರೆದು, ತಾವೇ ಕುರ್ಚಿ ಎಳೆದು ಕೂರಿಸುತ್ತಾರೆ.

"ಮೇಡಂ, ಇನ್ನು ನಾಲ್ಕು ತಿಂಗಳಿಗೆ ನಿಮ್ಮ ನಿವೃತ್ತಿ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ತಪ್ಪು. ಅದನ್ನ ಯಾಕೆ ಊರಿಗೆಲ್ಲ ಸಾರ್ಕೊಂಡು ಹೋಗ್ತೀರಿ? ನಿಮಗೋಸ್ಕರಾನೇ ಹೇಳ್ತಿದ್ದೀನಿ."

"ನನಗೋಸ್ಕರ ಆದ್ರೆ ತೆಗೆದುಬಿಡಿ ಸರ್" ಎನ್ನುತ್ತಾರೆ ಅಕ್ಕ. "ಆದ್ರೆ ಆ ಹನ್ನೊಂದು ತಿಂಗಳಲ್ಲಿ ಎಷ್ಟು ಜನ ಪಟ್ಟಿ ಅಚ್ಚು ಹಾಕ್ಕೊಂಡಿದ್ದಾರೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಪರಿಷ್ಕರಿಸಲಾಗಿದೆ ಅಂದ್ರೆ ಯಾರಿಗೆ ಏನು ತಿಳಿಯುತ್ತೆ? ಕೈಲಿರೋ ಕಾಗದ ಒಂದು ಹೇಳುತ್ತೆ, ನಮ್ಮ ಪುಟ ಇನ್ನೊಂದು ಹೇಳುತ್ತೆ. ಅವರು ನಮ್ಮನ್ನ ಅನುಮಾನಿಸಲ್ಲ ಸರ್, ತಮ್ಮನ್ನೇ ಅನುಮಾನಿಸ್ಕೊಳ್ತಾರೆ."

ಮುಖ್ಯಸ್ಥರು ಕತ್ತಿನ ಹಿಂಭಾಗ ಉಜ್ಜಿಕೊಂಡು, "ನೋಡೋಣ" ಎನ್ನುತ್ತಾರೆ. ಕಚೇರಿಗಳಲ್ಲಿ ಆ ಪದಕ್ಕೆ ಸಾಮಾನ್ಯವಾಗಿ ಇಲ್ಲವೆಂದೇ ಅರ್ಥ. ಅಷ್ಟು ಅಕ್ಕನಿಗೂ ಗೊತ್ತು. ಶನಿವಾರ, ಭಾನುವಾರ ಅವರಿಗೆ ಊಟ ಸೇರಲಿಲ್ಲ. "ಯಾರ ಮನೆ ಮುಳುಗಿತು ಅಂತ ಮುಖ ಹೀಗೆ ಇಟ್ಕೊಂಡಿದ್ದೀಯ?" ಎಂದು ತಂಗಿ ಛೇಡಿಸಿದಳಂತೆ.

ಸೋಮವಾರ, ಮತ್ತೆ ಆರೂಕಾಲು. ಹೊಸ ಪುಟ ತೆರೆದುಕೊಂಡಿದೆ. ಬಣ್ಣ ಹೊಸದು, ಅಕ್ಷರ ಹೊಸದು. ಅಕ್ಕ ಮೊದಲು ಶುಕ್ರವಾರದ ಅಂಕಿ ನೋಡುವುದಿಲ್ಲ. ನೇರವಾಗಿ ಎಂಟು ವರ್ಷ ಹಿಂದಕ್ಕೆ ಹೋಗುತ್ತಾರೆ. ಅಂಕಣ ಇನ್ನಷ್ಟು ಕಿರಿದಾಗಿದೆ, ಅಕ್ಷರ ಚಿಕ್ಕದಾಗಿದೆ, ಆದರೆ ಸಾಲು ಅಲ್ಲೇ ಇದೆ. ಕೊನೆಯಲ್ಲಿ ಒಂದಿಷ್ಟು ತಿದ್ದಿದ್ದಾರೆ. "ಪಟ್ಟಿ ಬರೆದವರ ತಪ್ಪು" ಎಂದಿದ್ದ ಕಡೆ ಈಗ "ನಮ್ಮ ತಪ್ಪು" ಎಂದಿದೆ.

ಅಕ್ಕ ಅದನ್ನು ಎರಡು ಸಲ ಓದುತ್ತಾರೆ. ಎರಡು ಸಲವೂ ಮುಂದಿನಿಂದಲೇ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ, ಕಣ್ಣನ್ನೂ ಒರೆಸಿಕೊಳ್ಳುತ್ತಾರೆ, ಮುಚ್ಚಿಡಲು ಹೋಗುವುದಿಲ್ಲ. "ಐದು ವರ್ಷ ಒಬ್ಬಳೇ ಹೊತ್ಕೊಂಡಿದ್ದೆ. ಆ ಹುಡುಗ ಬಂದು ಒಂದು ಕಡೆ ಹೆಗಲು ಕೊಟ್ಟ ನೋಡಿ" ಎನ್ನುತ್ತಾರೆ ಮುಖ್ಯಸ್ಥರ ಬಗ್ಗೆ.

ನಿವೃತ್ತಿಯ ದಿನ ಏನು ಬೇಕೆಂದು ಸಹೋದ್ಯೋಗಿಗಳು ಈಗಿನಿಂದಲೇ ಪೀಡಿಸುತ್ತಿದ್ದಾರೆ. ಗಡಿಯಾರ ಬೇಡ, ಶಾಲು ಬೇಡ ಎಂದು ಅಕ್ಕ ಕೈಯಲ್ಲಾಡಿಸುತ್ತಾರೆ. "ನಾನು ಹೋದ್ಮೇಲೂ ಆ ಸಾಲನ್ನ ಯಾರೂ ಅಳಿಸ್ಬಾರ್ದು, ಅಷ್ಟೇ. ಯಾರಾದ್ರೂ ಒಬ್ರು ಹಳೇ ಹಾಳೆ ಹಿಡ್ಕೊಂಡು ಕೂತಿದ್ರೆ, ಕನ್ನಡಕದ ಅಂಗಡಿಗೆ ಹೋಗೋ ಮೊದಲು ಇದನ್ನ ಓದ್ಲಿ."