ಲೆಕ್ಕಕ್ಕೆ ಬಂದ ನಗು

ನಾಲ್ಕೂವರೆಗೆ ಎದ್ದು ನೀರು ಹಿಡಿದೆ. ಎರಡು ಹಂಡೆ, ಮೂರು ಬಕೆಟ್ಟು. ರೇಷನ್ ಅಕ್ಕಿಯ ಕಲ್ಲು ಆರಿಸಿದೆ. ಸ್ಟೋವಿನ ಪಿನ್ನು ಮುರಿದಿತ್ತು. ಪಕ್ಕದ ಮನೆಯ ಗುಜರಾತಿ ಹೆಂಗಸು, ನಾವೆಲ್ಲ ಬೆನ್ ಎಂದು ಕರೆಯುವವಳು, ಅವಳ ಹತ್ತಿರ ಕೇಳಿ ತಂದೆ. ನಮ್ಮ ಯಜಮಾನರು ಆಫೀಸಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಒಂಬತ್ತಕ್ಕೆ ಎದುರುಮನೆ ರಾಯರನ್ನು ಕೆಳಗಿಳಿಸಿದರು. ನಮ್ಮ ಬಿಲ್ಡಿಂಗಿನ ಮೆಟ್ಟಿಲು ಕಡಿದು. ನಾಲ್ಕು ಜನ ಸಾಲದೆ ಆರು ಜನ ಹಿಡಿಯಬೇಕಾಯಿತು. ರಾಯರಿಗೆ ಮಕ್ಕಳಿಲ್ಲ. ವಿಲೆ ಪಾರ್ಲೆಯಿಂದ ಅವರ ತಂಗಿಯ ಮಗ ಬಂದು ಮುಂದೆ ನಡೆದ. ಅವರೆಲ್ಲ ಸಯನ್ ಸ್ಮಶಾನದ ಕಡೆ ತಿರುಗಿದ ಮೇಲೆ ಮೆಟ್ಟಿಲು ತೊಳೆದೆ, ಸ್ನಾನ ಮಾಡಿದೆ, ಬೇಳೆ ಬೇಯಲು ಇಟ್ಟೆ.

ರಾಯರ ಕುತ್ತಿಗೆ ಉದ್ದ. ಅದರ ನಡುವೆ ಗಂಟಲಮಣಿ, ಇಡೀ ಅಡಿಕೆಯೊಂದು ಒಳಗೆ ಸಿಕ್ಕಿಕೊಂಡ ಹಾಗೆ ಎದ್ದು ಕಾಣುತ್ತಿತ್ತು. ಹದಿಮೂರು ವರ್ಷ ಎದುರುಬದುರು ಬಾಗಿಲಿನಲ್ಲಿದ್ದರೂ ಅವರ ಹಲ್ಲು ನಾನು ನೋಡಿದ್ದು ನಾಲ್ಕೈದು ಸಲ ಇರಬಹುದು. ನಗು ಬಂದರೆ ಆ ಮಣಿ ಒಂದು ಸಲ ಮೇಲಕ್ಕೆ ಹೋಗಿ ಕೆಳಗಿಳಿಯುತ್ತಿತ್ತು. ಅಷ್ಟೇ ಅವರ ನಗು.

ಇಂಥವರು ನಗೆನಾಟಕಗಳ ವಿಮರ್ಶಕರಾಗಿದ್ದರು. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ತಿಂಗಳ ಮೂರನೆಯ ಭಾನುವಾರ ಸಂಜೆ ಒಂದು ಪ್ರಹಸನ ಇರುತ್ತಿತ್ತು. ಊಟದ ಹೋಟೆಲಿನ ಉಡುಪಿಯ ಮಾಲೀಕ, ಅವನ ಮಹಡಿಯಲ್ಲಿ ಬಾಡಿಗೆಗಿರುವ ಮೈಸೂರಿನ ಗುಮಾಸ್ತ, ಇವರಿಬ್ಬರ ಜಗಳ. ಜನ ಅವರೇ, ಜಗಳ ಮಾತ್ರ ತಿಂಗಳಿಗೊಂದು ಹೊಸದು. ಹೀಗೆ ಏಳು ವರ್ಷ ತಪ್ಪದೆ ನಡೆಯಿತು. ಬರೆಯುತ್ತಿದ್ದವರು, ಗುಮಾಸ್ತನ ಪಾತ್ರ ಹಾಕುತ್ತಿದ್ದವರು ನಮ್ಮ ಯಜಮಾನರು. ಮಾಲೀಕನ ಪಾತ್ರ ವಾಸಣ್ಣನದು. ವಾಸಣ್ಣ ನಿಜವಾಗಿಯೂ ಉಡುಪಿಯವನೇ, ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್.

ರಾಯರು ಸಂಘದ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಕರಿ ಕೋಟಿನ ಬಲಜೇಬಿನ ತುಂಬ ಹುಣಸೆಬೀಜ. ಜನ ಒಂದು ಸಲ ನಕ್ಕರೆ ಒಂದು ಬೀಜ ಬಲಜೇಬಿನಿಂದ ಎಡಜೇಬಿಗೆ ಹೋಗುತ್ತಿತ್ತು. ಸುಳ್ಳು ನಗು ಸೇರಿಸುತ್ತಿರಲಿಲ್ಲ. ನಟರ ನೆಂಟರದ್ದು, ಪಕ್ಕದವರು ನಕ್ಕರೆಂದು ನಕ್ಕವರದ್ದು, ಪದಾಧಿಕಾರಿಗಳದ್ದು, ಇವೆಲ್ಲ ಸುಳ್ಳು. ಅವರ ಪಕ್ಕದ ಕುರ್ಚಿಯಲ್ಲಿ ನಾನು ಕೂರುತ್ತಿದ್ದೆ. ನಮ್ಮವರು ಬಾಯಿ ತೆರೆಯುವ ಮೊದಲೇ ನಾನು ನಗುತ್ತಿದ್ದೆ.

“ನಂದು ಯಾಕೆ ಹಾಕ್ಕೊಳ್ಳಲ್ಲ ರಾಯರೇ?” ಎಂದು ಒಮ್ಮೆ ಕೇಳಿದೆ.

“ಹೆಂಡತಿ ನಗು ಮನೆ ಖರ್ಚಿಗೆ ಅಮ್ಮಾ. ಸಭೆಗಲ್ಲ.”

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಬುಡದಲ್ಲಿ ನೀರು ಬರುವ ವೇಳೆ ಬರೆಯುವ ಕಪ್ಪು ಹಲಗೆಯೊಂದಿದೆ. ಸೋಮವಾರ ಬೆಳಿಗ್ಗೆ ಏಳಕ್ಕೆ, ಆಫೀಸಿಗೆ ಹೊರಡುವ ಮುಂಚೆ, ಅದರ ಕೆಳಗಿನ ಅರ್ಧದಲ್ಲಿ ಅವರು ಸೀಮೆಸುಣ್ಣದಿಂದ ವಿಮರ್ಶೆ ಬರೆಯುತ್ತಿದ್ದರು. ಬಕೆಟ್ಟು ಹಿಡಿದು ಇಳಿದವರೆಲ್ಲ ಓದುತ್ತಿದ್ದರು. ಕನ್ನಡ ಬಾರದ ಗುಜರಾತಿ ಬೆನ್ ಕೂಡ ನಿಂತು “ಕಿತನಾ?” ಎಂದು ಕೇಳುತ್ತಿದ್ದಳು. ಎಷ್ಟು ನಗು ಎಂದು. ನಮ್ಮವರು ಮಾತ್ರ ಅಂದು ಆಫೀಸಿಗೆ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದರು.

ಕೆಲವು ನನಗೆ ಬಾಯಿಪಾಠ. “ಈ ತಿಂಗಳು ಮೂರು ನಗು. ಒಂದು, ಪರದೆ ಸಿಕ್ಕಿಕೊಂಡಾಗ. ಇನ್ನೊಂದು, ಮಾಲೀಕನ ಪಂಚೆ ಜಾರಿದಾಗ. ಮೂರನೆಯದು, ಮುಗಿಯಿತು ಎಂದಾಗ, ಅದು ಸಮಾಧಾನದ್ದು.” ಮತ್ತೊಮ್ಮೆ: “ಗುಮಾಸ್ತನ ಪಾತ್ರಧಾರಿ ತನ್ನ ಹಾಸ್ಯಕ್ಕೆ ತಾನೇ ಮೊದಲು ನಗುತ್ತಾರೆ. ನಮಗೆ ಏನೂ ಉಳಿಸುವುದಿಲ್ಲ.” ಇದನ್ನು ಓದಿದ ದಿನ ನಮ್ಮವರು ರಾತ್ರಿ ಊಟ ಬಿಟ್ಟರು. ವಾಸಣ್ಣನಿಗೆ ಒಮ್ಮೆ ಹೊಗಳಿಕೆ ಸಿಕ್ಕಿತು: “ಮಾತು ಮರೆತು ಸುಮ್ಮನೆ ನಿಂತಿದ್ದ ಅರ್ಧ ನಿಮಿಷ ಚೆನ್ನಾಗಿತ್ತು.”

ಇದೇ ಮನುಷ್ಯನ ಹೆಂಡತಿ ಎರಡು ವರ್ಷ ಕ್ಷಯದ ವಾರ್ಡಿನಲ್ಲಿ ಮಲಗಿದ್ದರು. ಮಂಗಳವಾರ, ಶುಕ್ರವಾರ ನಾನು ಗಂಜಿ ಮಾಡಿ, ಬಸ್ಸು ಹಿಡಿದು ಕೊಟ್ಟು ಬರುತ್ತಿದ್ದೆ. ರಾಯರು ಆಫೀಸಿನಿಂದ ನೇರವಾಗಿ ಬಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಒಂದು ದಿನ ನಾನು ವಾರ್ಡಿನ ಬಾಗಿಲಲ್ಲೇ ನಿಂತೆ. ಆಕೆ ಕೆಮ್ಮಿದರು. ರಾಯರ ಕೈ ಬಲಜೇಬಿಗೆ ಹೋಯಿತು, ಒಂದು ಬೀಜ ಎಡಜೇಬಿಗೆ ಬಂತು.

“ನಾಲ್ಕಾಯ್ತು,” ಎಂದರು. “ನೆನ್ನೆ ಇಷ್ಟು ಹೊತ್ತಿಗೆ ಹನ್ನೊಂದು ಆಗಿತ್ತು. ಪರವಾಗಿಲ್ಲ ಕಣೇ, ಚೆನ್ನಾಗಿ ಮಾಡ್ತಿದೀಯ.”

“ನಂಗೂ ಬೋರ್ಡಲ್ಲಿ ಬರೀತೀರಾ?” ಎಂದರು ಆಕೆ.

ಅವರ ಗಂಟಲಮಣಿ ಮೇಲೆ ಹೋಗಿ ಕೆಳಗಿಳಿಯಿತು.

ಆ ವರ್ಷ ಶ್ರಾವಣದಲ್ಲಿ ಆಕೆ ತೀರಿಕೊಂಡರು. ಆಮೇಲೆ ಪ್ರತಿ ಸಂಜೆ ರಾಯರಿಗೆ ನಮ್ಮ ಮನೆಯಿಂದಲೇ ಸಾರು, ಪಲ್ಯ ಹೋಗುತ್ತಿತ್ತು. ಅನ್ನ ಅವರು ಮಾಡಿಕೊಳ್ಳುತ್ತಿದ್ದರು. ಡಬ್ಬಿಯನ್ನು ಮರುದಿನ ಬೆಳಿಗ್ಗೆ ಬೆಳಗಿ ಬಾಗಿಲ ಹತ್ತಿರ ಇಡುತ್ತಿದ್ದರು. ಮೇಲೊಂದು ಚೀಟಿ: “ಹುಳಿ ಮುಂದು.” “ಬೀನ್ಸಿನ ನಾರು ತೆಗೆದಿಲ್ಲ.” ಆ ಚೀಟಿಗಾಗಿ ನಾನು ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಕಾರ್ತಿಕದ ಪ್ರಹಸನಕ್ಕೆ ನಮ್ಮ ಮುಂಗೋಣೆಯಲ್ಲಿ ತಯಾರಿ ನಡೆದಿತ್ತು. ಹಿಂದಿನ ತಿಂಗಳು ಹಲಗೆಯ ಮೇಲೆ “ನಗು ಇಲ್ಲ. ಆದರೆ ಫ್ಯಾನ್ ಚೆನ್ನಾಗಿ ತಿರುಗಿತು” ಎಂದು ಬಂದಿತ್ತು. ನಮ್ಮವರಿಗೂ ವಾಸಣ್ಣನಿಗೂ ಮೈ ಉರಿಯುತ್ತಿತ್ತು.

“ಈ ಸಲ ಅವರನ್ನೇ ಹಾಕುವ ಮಾರಾಯ್ರೆ,” ಎಂದ ವಾಸಣ್ಣ. “ಆ ಕುತ್ತಿಗೆ, ಆ ಬೀಜ. ಜನ ಬಿದ್ದು ನಗ್ತಾರೆ. ಆದ್ರೆ ಒಂದು ಸೀನ್ ಬೇಕಲ್ಲ. ಬರೀ ಕೂತು ಎಣಿಸಿದ್ರೆ ಎಂತ ಉಂಟು ಅದರಲ್ಲಿ?”

ನಾನು ಕಾಫಿ ಲೋಟ ಇಡುತ್ತಿದ್ದೆ. ಏಳು ವರ್ಷದಲ್ಲಿ ಆ ಇಬ್ಬರು ಒಂದು ದಿನವೂ ನನ್ನ ಮಾತಿಗೆ ತಲೆಯೆತ್ತಿರಲಿಲ್ಲ. ಅವರನ್ನು ಒಮ್ಮೆ ನಗಿಸಬೇಕೆನಿಸಿತು. ಬೇರೆ ಕಾರಣ ಯಾವುದೂ ಇರಲಿಲ್ಲ.

“ಅಯ್ಯೋ, ಅವರು ಹೆಂಡತಿ ಕೆಮ್ಮಿಗೂ ಬೀಜ ಹಾಕ್ತಿದ್ರು, ಗೊತ್ತಾ?” ಎಂದೆ. ‘ಚೆನ್ನಾಗಿ ಮಾಡ್ತಿದೀಯ’ ಎಂಬುದನ್ನು ರಾಯರ ಧ್ವನಿಯಲ್ಲೇ ಹೇಳಿ ತೋರಿಸಿದೆ.

ವಾಸಣ್ಣ ಕಾಫಿ ಚೆಲ್ಲಿಕೊಂಡು ನಕ್ಕ. ನಮ್ಮವರು ತೊಡೆ ತಟ್ಟಿಕೊಂಡರು. “ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೇ ಇದನ್ನ?” ಎಂದರು. ನನ್ನ ಮುಖ ಬಿಸಿಯಾಯಿತು. ಖುಷಿಗೆ. ಒಳಗೆ ಹೋಗಿ ಒಲೆಯ ಮುಂದೆ ನಿಂತಾಗ ವಾರ್ಡಿನ ಆ ಹಾಸಿಗೆ ನೆನಪಾಯಿತು. ಹೊರಗೆ ಬಂದು, “ಅದನ್ನ ಹಾಕಬೇಡಿ, ಆಕೆ ಹೋಗಿ ಮೂರು ತಿಂಗಳೂ ಆಗಿಲ್ಲ,” ಎಂದೆ. ನಮ್ಮವರು ಆಗಲೇ ಬರೆಯುತ್ತಿದ್ದರು.

“ಹಾಸ್ಯ ಕಣೇ. ಅವರೇನು ನಮ್ಮನ್ನ ಬಿಟ್ಟಿದಾರಾ?”

ಭಾನುವಾರ ನನ್ನ ನೇರಳೆ ಸೀರೆ ಉಟ್ಟು, ಬೆಂಚಿನ ಮೇಲೆ ಹೆಂಡತಿಯಾಗಿ ಮಲಗಿದವರು ನಮ್ಮ ಯಜಮಾನರೇ. ವಾಸಣ್ಣ ಕುತ್ತಿಗೆಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದ. ಬರುತ್ತಲೇ ನಗುವಿಗೆ ಸಭಾಂಗಣ ಅದುರಿತು. ಹೆಂಡತಿ ಕೆಮ್ಮಿದಳು. ವಾಸಣ್ಣ ಜೇಬಿಗೆ ಕೈ ಹಾಕಿ ತಡೆದ.

“ಇದು ಸುಳ್ಳು ಕೆಮ್ಮು. ನೆಂಟರನ್ನ ನೋಡಿ ಕೆಮ್ಮಿದ್ದು. ಲೆಕ್ಕಕ್ಕಿಲ್ಲ. ಮತ್ತೆ ಕೆಮ್ಮು!”

ಹೆಂಡತಿ ಮತ್ತೆ ಕೆಮ್ಮಿದಳು.

“ಹಾಂ, ಇದು ಪರವಾಗಿಲ್ಲ. ಚೆನ್ನಾಗಿ ಮಾಡ್ತಿದೀಯ. ಸಾಯೋದ್ರೊಳಗೆ ಕಲೀತೀಯ!”

ಕೊನೆಯದು ನಾನು ಹೇಳಿಕೊಟ್ಟದ್ದಲ್ಲ. ಆದರೆ ನಾನು ನಕ್ಕೆ. ನಗಬಾರದೆಂದು ಸೆರಗು ಬಾಯಿಗೆ ತುರುಕಿದೆ, ಆದರೂ ಉಕ್ಕಿ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹೊಟ್ಟೆ ಹಿಡಿದುಕೊಂಡು ಬಗ್ಗಿದಾಗ ಪಕ್ಕದಲ್ಲಿ ಕೈ ಅಲುಗಿತು. ರಾಯರು ಒಂದು ಬೀಜ ತೆಗೆದು ಎಡಜೇಬಿಗೆ ಹಾಕಿದರು. ಕಣ್ಣು ರಂಗದ ಮೇಲೆಯೇ ಇತ್ತು.

“ನಿಮ್ಮದು ಇವತ್ತು ಸೇರಿತಮ್ಮಾ,” ಎಂದರು.

ಸೋಮವಾರ ಹಲಗೆಯ ಮುಂದೆ ಇಡೀ ಬಿಲ್ಡಿಂಗು ನಿಂತಿತ್ತು. ಬರುವುದಿಲ್ಲ ಎಂದು ಕೆಲವರು, ಬೈದು ಬರೆಯುತ್ತಾರೆ ಎಂದು ಕೆಲವರು. ಏಳಕ್ಕೆ ಸರಿಯಾಗಿ ರಾಯರು ಕರಿ ಕೋಟು ತೊಟ್ಟು ಇಳಿದು ಬಂದರು. ಎಂದಿನ ದುಂಡು ಅಕ್ಷರದಲ್ಲಿ ಬರೆದರು:

“ಕಾರ್ತಿಕದ ಪ್ರಹಸನ. ನಲವತ್ತೊಂದು ನಗು. ಏಳು ವರ್ಷದಲ್ಲಿ ಇಷ್ಟು ಬಂದಿರಲಿಲ್ಲ. ಆಸ್ಪತ್ರೆಯ ದೃಶ್ಯ ಎಲ್ಲಕ್ಕಿಂತ ಚೆನ್ನಾಗಿತ್ತು. ಒಂದು ಕೊರತೆ: ಹೆಂಡತಿಯ ಪಾತ್ರದವರು ಗಂಟಲಿನಿಂದ ಕೆಮ್ಮಿದರು. ಆ ಕೆಮ್ಮು ಪಕ್ಕೆಯಿಂದ ಬರುತ್ತದೆ. ಬಂದಾಗ ಕಾಲಿನ ಬೆರಳು ಮಡಚಿಕೊಳ್ಳುತ್ತವೆ. ಮುಂದಿನ ಸಲ ಗಮನಿಸಬೇಕು.”

ಕೈ ಒರೆಸಿಕೊಂಡು ಬಸ್ಸಿಗೆ ಹೋದರು. ಜನ ಬಕೆಟ್ಟು ಎತ್ತಿಕೊಂಡು ಚದುರಿದರು. “ಕಿತನಾ?” ಎಂದ ಬೆನ್‌ಗೂ ಯಾರೂ ಉತ್ತರ ಕೊಡಲಿಲ್ಲ. ನಮ್ಮವರೊಬ್ಬರೇ ಮೂರು ಮೆಟ್ಟಿಲು ಒಟ್ಟಿಗೆ ಹಾರಿ ಮೇಲೆ ಬಂದರು.

“ನೋಡಿದ್ಯಾ? ನಲವತ್ತೊಂದು! ನಲವತ್ತೊಂದು ಕಣೇ!” ಸಂಜೆ ಜಿಲೇಬಿ ತಂದರು.

ಅದೇ ಸಂಜೆ ನಾನು ಡಬ್ಬಿ ಹಿಡಿದು ಎದುರುಬಾಗಿಲು ತಟ್ಟಿದೆ. ರಾಯರು ಅರ್ಧ ತೆರೆದರು. “ಇನ್ನು ಬೇಡಮ್ಮಾ. ಮೆಸ್ಸಿನಲ್ಲಿ ಹೇಳಿದೀನಿ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲನ್ನು ಮೆಲ್ಲಗೆ ಹಾಕಿದರು. ಸಾರನ್ನು ನಾವು ತಿಂದೆವು. ನಮ್ಮವರು ಚೆನ್ನಾಗಿದೆ ಎಂದರು.

ಗೆದ್ದ ದೃಶ್ಯವನ್ನು ಬಿಡುವವರುಂಟೇ? ಮುಂದಿನ ತಿಂಗಳೂ ಅದನ್ನೇ ಹಾಕಿದರು, ಅದರ ಮುಂದಿನ ಎರಡು ತಿಂಗಳೂ. ಕಾಲಿನ ಬೆರಳು ಮಡಚುವುದನ್ನೂ ನಮ್ಮವರು ಕನ್ನಡಿಯ ಮುಂದೆ ಕಲಿತುಕೊಂಡರು. ರಾಯರು ಪ್ರತಿ ಸಲ ಬಂದು ನನ್ನ ಪಕ್ಕವೇ ಕೂತು ಎಣಿಸಿದರು. ಇಪ್ಪತ್ತಾರು. ಒಂಬತ್ತು. ನಾಲ್ಕನೆಯ ಸಲ ಎರಡು. ಆ ಸೋಮವಾರ ಹಲಗೆಯ ಮೇಲೆ ಒಂದೇ ಸಾಲು: “ಹೆಂಡತಿಯನ್ನು ಇನ್ನು ಬಿಡಬಹುದು, ಸತ್ತುಹೋಗಿದ್ದಾಳೆ.”

ವಾಸಣ್ಣ ಅದನ್ನು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟ. “ಬೈದಿದ್ರೆ ತಡ್ಕೊಳ್ಳಬಹುದಿತ್ತು ಅಕ್ಕಾ,” ಎಂದ. ಮತ್ತೆ ಅವನು ಬಣ್ಣ ಹಚ್ಚಲಿಲ್ಲ. ಅವನಿಲ್ಲದೆ ಪ್ರಹಸನ ನಿಂತಿತು. ಹಲಗೆಯ ಮೇಲೆ ನೀರಿನ ವೇಳೆ ಮಾತ್ರ ಉಳಿಯಿತು.

ಆಮೇಲೆ ಮೂರು ವರ್ಷ. ಮೆಟ್ಟಿಲ ಮೇಲೆ ಸಿಕ್ಕರೆ ರಾಯರು ಪಕ್ಕಕ್ಕೆ ನಿಂತು ದಾರಿ ಬಿಡುತ್ತಿದ್ದರು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟರೆ ಕೈಮುಗಿದು ಹಿಂದೆ ಕಳಿಸುತ್ತಿದ್ದರು. ಹೋದ ತಿಂಗಳು ಉಸಿರು ಕಟ್ಟಿ ಮಲಗಿದರು. ಮೆಸ್ಸಿನ ಊಟ ಮೆಟ್ಟಿಲು ಹತ್ತಿ ಬರುವುದಿಲ್ಲ. ಬ್ರೆಡ್ಡು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದರು. ಹೋದ ಶುಕ್ರವಾರ ನಾನು ಬಾಗಿಲು ತಳ್ಳಿಕೊಂಡೇ ಹೋದೆ.

“ರಾಯರೇ, ಆ ಮಾತು ಅವರಿಗೆ ಹೇಳಿದ್ದು ನಾನು.”

“ಗೊತ್ತು. ವಾರ್ಡಿಗೆ ಬರ್ತಿದ್ದವರು ನೀವೊಬ್ಬರೇ.”

“ತಪ್ಪಾಯ್ತು.”

“ಹೇಳಿದ್ದು ತಪ್ಪು,” ಎಂದರು. ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. “ನಕ್ಕಿದ್ದು ತಪ್ಪಲ್ಲ. ಚೆನ್ನಾಗಿತ್ತಲ್ಲ ಅದು.”

“ಹಾಗಾದ್ರೆ ಗಂಜಿ ತರ್ತೀನಿ. ಬಿಸಿ ಇದೆ. ಎರಡು ಚಮಚ.”

“ಬೇಡ.”

“ಯಾಕೆ ರಾಯರೇ? ಮೂರು ವರ್ಷ ಆಯ್ತು.”

“ನಿಮ್ಮ ಗಂಜಿ ಕುಡಿದ್ರೆ ನಾನು ಅವಳ ಹಾಸಿಗೆ ಪಕ್ಕ ಕೂತಿರ್ತೀನಿ. ತಲೆ ಎತ್ತಿದ್ರೆ ನೀವು ಬಾಗಿಲಲ್ಲಿ ನಿಂತಿರ್ತೀರಿ,” ಎಂದು ಗೋಡೆಗೆ ತಿರುಗಿದರು. “ಬಾಗಿಲು ಎಳ್ಕೊಂಡು ಹೋಗಿ ಅಮ್ಮಾ.”

ಎಳೆದುಕೊಂಡು ಬಂದೆ. ನೆನ್ನೆ ಮಧ್ಯಾಹ್ನ ಹಾಲಿನ ಪಾತ್ರೆ ಕೊಡಲು ಹೋದ ಬೆನ್ ಕೂಗಿಕೊಂಡಳು.

ರಾಯರು ನನ್ನನ್ನು ಕ್ಷಮಿಸಲಿಲ್ಲ, ಮತ್ತು ಕ್ಷಮಿಸಿದ ಹಾಗೆ ನಟಿಸಲೂ ಇಲ್ಲ. ಉಳಿದವರೆಲ್ಲ ನನ್ನ ಜೊತೆ ನಯವಾಗಿಯೇ ಇದ್ದಾರೆ. ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ ಎನ್ನಿಸುತ್ತದೆ. ಆ ಕಾರ್ತಿಕದಿಂದ ಈಚೆಗೆ ನಮ್ಮವರು ಏನಾದರೂ ತಮಾಷೆ ಮಾಡಿ ನನ್ನ ಮುಖ ನೋಡಿದರೆ, ನನಗೆ ನಗು ಬಂದರೆ ಮಾತ್ರ ನಗುತ್ತೇನೆ. ಬರುವುದು ಅಪರೂಪ. ಮನೆ ಸ್ವಲ್ಪ ತಣ್ಣಗಾಗಿದೆ.

ಇವತ್ತು ಗಂಡಸರು ಸ್ಮಶಾನದಿಂದ ಹನ್ನೆರಡೂವರೆಗೆ ಬಂದರು. ಸ್ನಾನಕ್ಕೆ ನೀರು ತೋಡಿಕೊಟ್ಟೆ. ವಾಸಣ್ಣ ಕೂರದೆ ಬೈಕುಲ್ಲಾಕ್ಕೆ ಹೋದ. ನಮ್ಮವರು ಎಲೆಯ ಮುಂದೆ ಕೂತು, ನಾನು ಬಡಿಸುವಾಗ ಕೇಳಿದರು:

“ಶುಕ್ರವಾರ ಹೋಗಿದ್ಯಲ್ಲ, ನನ್ನ ವಿಷಯ ಏನಾದ್ರೂ ಅಂದ್ರಾ?”

“ಇಲ್ಲ.”

“ಏನೂ ಅನ್ನಲಿಲ್ವಾ?”

“ಏನೂ ಅನ್ನಲಿಲ್ಲ.”

ಅನ್ನ, ತಿಳಿಸಾರು, ಮಜ್ಜಿಗೆ, ಸುಟ್ಟ ಹಪ್ಪಳ. ಅವರು ಎರಡು ಸಲ ಸಾರು ಹಾಕಿಸಿಕೊಂಡರು. ನಾನು ಮಜ್ಜಿಗೆ ಅನ್ನ ಮಾತ್ರ ತಿಂದೆ. ಎರಡು ಗಂಟೆಗೆ ಚಾಪೆ ಹಾಸಿದೆ. ಅವರಿಗೇ ಮೊದಲು ನಿದ್ದೆ ಬಂತು, ತಲೆ ಇಟ್ಟ ಕೂಡಲೇ.