ಕಲ್ಲಿಲ್ಲದ ಸೌನಾ

"ಚುಸ್ಸ್‌ಸ್!" ಸಂಜೆ ಏಳಕ್ಕೆ ತಾಂಪೆರೆ ಊರಿನ ಒಂದು ಕಟ್ಟಡದ ಎರಡನೇ ಮಹಡಿಯಿಂದ ಈ ಸದ್ದು ಬಂತೆಂದರೆ, ಮುದುಕ ಟೈಸ್ತೊ ತನ್ನ ಇನ್‌ಫ್ರಾರೆಡ್ ಸೌನಾದೊಳಗೆ ಬೆವರಲು ಕೂತನೆಂದೇ ಅರ್ಥ. ಬೀರುವಿನಷ್ಟಗಲದ ಆ ಪೆಟ್ಟಿಗೆಯಲ್ಲಿ ಇರುವುದು ಕೆಂಪು ದೀಪದ ಕಾವಷ್ಟೇ. ನೀರು ಬಿದ್ದರೆ ಚುಸ್ಸೆನ್ನುವ ಕಾದ ಕಲ್ಲಿಲ್ಲ, ಹಬೆಯಿಲ್ಲ. ಮೊದಲ ದಿನ ಹಳೇ ರೂಢಿಯಂತೆ ಸೌಟಿನಲ್ಲಿ ನೀರೆರಚಿ ಇಡೀ ಮಹಡಿಯ ಕರೆಂಟು ಹೋಗುವಂತೆ ಮಾಡಿದ್ದ. ಅಂದಿನಿಂದ ಆ ಸದ್ದನ್ನು ಬಾಯಲ್ಲೇ ಮಾಡುತ್ತಾನೆ. ಎದುರುಮನೆಯ ಕೆರ್ತು ಬಿಡುವವಳಲ್ಲ. "ಇದೂ ಒಂದು ಸೌನಾನಾ? ರೊಟ್ಟಿ ಸುಡೋ ಪೆಟ್ಟಿಗೆ!" "ಸುಟ್ರೂ ಸುಡ್ಲಿ ಕಣೇ, ನಿದ್ದೆ ಬಂದ್ರೆ ಸಾಕು." ಬೆವರಿಳಿದ ಮೇಲೆ ಉಪ್ಪುನೀರಲ್ಲಿ ನೆನೆಸಿಟ್ಟ ಒಂದು ಸೌತೆಕಾಯಿ, ಉಣ್ಣೆಯ ಕಾಲುಚೀಲ, ಮೆಟ್ಟಿಲ ಮೇಲೆ ಕೆರ್ತು ಜೊತೆ ಅರ್ಧ ಗಂಟೆ ಮಾತು, ಒಂದು ತಪ್ಪಿದರೂ ನಿದ್ದೆ ಮುನಿಸಿಕೊಳ್ಳುತ್ತದಂತೆ. ಕೆರ್ತುಗೆ ನಗು. ಆದರೆ ಅವಳಿಗೆ ಗೊತ್ತು: ಹೆಂಡತಿ ಲೆಂಪಿ ಹಾಸಿಗೆ ಹಿಡಿದ ಎರಡು ಚಳಿಗಾಲವೂ ಅವಳ ಉಸಿರು ಎಲ್ಲಿ ನಿಂತೀತೋ ಎಂದು ಕಿವಿಗೊಟ್ಟು ಎಚ್ಚರವಿದ್ದವನು ಈತ, ಲೆಂಪಿ ಹೋಗಿ ಮೂರು ವರ್ಷವಾದರೂ ಆ ಕಿವಿ ಕಾವಲು ಬಿಟ್ಟಿಲ್ಲ. ಇಂದು ಅವಳು, "ಭಾನುವಾರ ನಮ್ಮ ಕೆರೆ ದಂಡೆ ಸೌನಾಕ್ಕೆ ಬಾರೋ, ಕಟ್ಟಿಗೆ ಒಟ್ಟಿ ನಿಜವಾದ ಹಬೆ..." ಎನ್ನುತ್ತಿರುವಾಗಲೇ ಟೈಸ್ತೊ ಆಕಳಿಸಿದ. ಬೆರಗಾಗಿ ಅವಳತ್ತ ನೋಡಿದ. ಆಮೇಲೆ, ತುಂಬಿದ ಲೋಟ ತುಳುಕದಂತೆ ಒಯ್ಯುವವನ ಹಾಗೆ ಮೆಲ್ಲಗೆ ಎದ್ದು, ಹಾಸಿಗೆಯತ್ತ ನಡೆದೇಬಿಟ್ಟ.